ಅಮಾವಾಸ್ಯೆಯಂದು ತೆರೆದಿದ್ದ ಬಾಗಿಲು

ತಪಾಸಣೆಗೆಂದು ಹೋದ ನನ್ನ ಕೈಗೆ ಅವರು ಮೊದಲು ಕೊಟ್ಟದ್ದು ಒಂದು ತೆಂಗಿನಕಾಯಿ.

ಹುಬ್ಬಳ್ಳಿಯ ಹೊರಗಿರುವ ಹತ್ತಿ ಜಿನ್ನಿಂಗ್ ಕಾರ್ಖಾನೆ ಅದು. ಹೊಲದಿಂದ ಬಂದ ಹತ್ತಿಯ ಬೀಜ ಬಿಡಿಸಿ, ಉಳಿದ ಅರಳೆಯನ್ನು ಒತ್ತಿ ಆಳೆತ್ತರದ ಗಟ್ಟಿಗಳಾಗಿ ಬಿಗಿಯುತ್ತಾರೆ. ಆ ಗಟ್ಟಿಗೆ ಬೇಲು ಎನ್ನುತ್ತಾರೆ. ನನ್ನ ಒಂದು ಕೈಯಲ್ಲಿ ಪ್ರಶ್ನಾವಳಿ, ಇನ್ನೊಂದರಲ್ಲಿ ಪೆನ್ನು. ಎದುರಿಗೆ ಅರಿಶಿನ ಕುಂಕುಮ ಬಳಿದುಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ಸಾಲಾಗಿ ನಿಂತ ಯಂತ್ರಗಳು. ಊದುಬತ್ತಿಯ ಹೊಗೆ. ಎಲ್ಲರೂ ಸಾವಕಾರ್ರು ಎಂದು ಕರೆಯುವ ಮಾಲೀಕರು ನನ್ನ ಪೆನ್ನು ಇಸಿದುಕೊಂಡು ಆ ಜಾಗದಲ್ಲಿ ಕಾಯಿ ಇಟ್ಟರು.

"ನೀವ ಒಡೀರಿ ಸರ್. ದೂರದಿಂದ ಬಂದೀರಿ."

ತಪಾಸಕನು ಉಡುಗೊರೆ ಸ್ವೀಕರಿಸಬಾರದು ಎಂದು ನಮ್ಮ ಕೈಪಿಡಿಯಲ್ಲಿದೆ. ಕಾಯಿ ಒಡೆಯುವುದರ ಬಗ್ಗೆ ಏನೂ ಇಲ್ಲ. ದೇವರನ್ನು ನಂಬದ ನಾನು ಕಲ್ಲಿಗೆ ಅಪ್ಪಳಿಸಿದೆ. ಒಡೆಯಲಿಲ್ಲ. ಇನ್ನೊಮ್ಮೆ. ಆಗಲೂ ಇಲ್ಲ. ಸಾಲುಗಟ್ಟಿ ನಿಂತಿದ್ದ ಹೆಂಗಸರ ಕಡೆಯಿಂದ ಒಂದು ದನಿ ಬಂತು: "ಮೈಸೂರ ಕಡೀ ಕೈರೀ ಅವು. ಬರಿಯಾಕ ಅಷ್ಟ ಬರ್ತಾವ." ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ನೆನಪು. ಮೂರನೆಯ ಏಟಿಗೆ ಕಾಯಿ ಒಡೆಯಿತು.

ಆ ದನಿ ಕಸ್ತೂರೆವ್ವನದು. ಯಂತ್ರಕ್ಕೆ ಹತ್ತಿ ಉಣಿಸುವ ಹೆಂಗಸರಲ್ಲಿ ಎಲ್ಲರಿಗಿಂತ ಹಳಬರು. ಅವರ ವಿಷಯಕ್ಕೆ ಬರುತ್ತೇನೆ.

ನಮ್ಮೂರು ಕೊಳ್ಳೇಗಾಲದಲ್ಲಿ ಕೂತು ಈ ಲೇಖನ ಓದುವ ನೀವು, ಅದೆಂಥ ಕೆಲಸವಯ್ಯ ನಿಂದು ಎಂದು ಕೇಳುತ್ತೀರಿ. ಅವ್ವ ಇವತ್ತಿಗೂ ಕೇಳುತ್ತಾಳೆ. ದೂರದ ದೇಶದ ಅಂಗಡಿಯೊಂದರಲ್ಲಿ ಹತ್ತಿಯ ಕೈಚೀಲ ಮಾರುತ್ತಾರೆ. ಮಣ್ಣಿಗಾಗಲಿ ದುಡಿಯುವವರಿಗಾಗಲಿ ಕೇಡಾಗದಂತೆ ಇದನ್ನು ತಯಾರಿಸಿದ್ದೇವೆ ಎಂದು ಅದಕ್ಕೊಂದು ಚೀಟಿ ಹಚ್ಚಿರುತ್ತಾರೆ. ಆ ಚೀಟಿ ಹಚ್ಚಬೇಕಾದರೆ ಚೀಲ ಹೊಲಿದ ಕಡೆ, ನೂಲು ತೆಗೆದ ಕಡೆ, ಬೀಜ ಬಿಡಿಸಿದ ಕಡೆ, ಕೊನೆಗೆ ಹತ್ತಿ ಬೆಳೆದ ಹೊಲದ ತನಕ ಯಾರಾದರೂ ಹೋಗಿ, ನೋಡಿ, ಬರೆಯಬೇಕು. ವಿಶ್ವವಿದ್ಯಾಲಯದಲ್ಲಿ ಇದನ್ನು ಪೂರೈಕೆ ಸರಪಳಿ ಎಂದು ಓದಿದ್ದೆ. ಬೋರ್ಡಿನ ಮೇಲೆ ಕೊಂಡಿಗೆ ಕೊಂಡಿ ಸೇರಿಸಿ ಬರೆಯುತ್ತಿದ್ದೆವು. ಆ ಕೊಂಡಿಗಳಲ್ಲಿ ಧಾರವಾಡದ ಸುತ್ತಲಿನವು ನನ್ನ ಪಾಲಿಗೆ ಬಂದವು. ದಸರಾ ಮುಗಿಸಿಕೊಂಡು ಬಂದೆ.

ಧಾರವಾಡದ ಕೆಲಗೇರಿಯಲ್ಲಿ, ಕೆರೆಯಿಂದ ಎರಡು ಓಣಿ ಈಚೆಗೆ ಮಹಡಿಯ ಮೇಲೊಂದು ಕೋಣೆ ಸಿಕ್ಕಿತು. ಓಣಿ ಎಂದರೆ ನಮ್ಮ ಬೀದಿ. ಮನೆಯೊಡತಿ ನೀಲಕ್ಕ ಬಾಡಿಗೆಯ ಮಾತಿಗಿಂತ ಮೊದಲು ಕೇಳಿದ್ದು, "ರೊಟ್ಟಿ ತಿಂತೀರೇನ್ರಿ, ಇಲ್ಲಾ ಬರೇ ಅನ್ನಾ ಉಣ್ಣು ಮಂದಿನೋ?" ಮುದ್ದೆ ತಿನ್ನುವವನು ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮುದ್ದೆ ನುಂಗಿ ಬೆಳೆದವನಿಗೆ ಜೋಳದ ರೊಟ್ಟಿ ಅಗಿಯಲು ದವಡೆಯೇ ಬೇರೆ ಬೇಕು. ಮೊದಲ ವಾರ ಕಿವಿಯ ಬುಡ ನೋಯುತ್ತಿತ್ತು. ಇಲ್ಲಿ ಎಲ್ಲರೂ ಎಲ್ಲರಿಗೂ 'ರೀ' ಹಚ್ಚುತ್ತಾರೆ. ತರಕಾರಿಯವಳು, ಬಸ್ಸಿನ ಕಂಡಕ್ಟರು, ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಸೊಳ್ಳೆಪರದೆ ಮಾರಿದ ಅಂಗಡಿಯವನು, ಎಲ್ಲರೂ ನನ್ನನ್ನು ಬರ್ರಿ, ಕೂಡ್ರಿ, ನೋಡ್ರಿ ಎಂದರು. ಮರ್ಯಾದೆಯ ಊರು ಎಂದುಕೊಂಡೆ. ಎರಡು ವಾರ ಕಳೆಯುವಷ್ಟರಲ್ಲಿ ಆ 'ರೀ' ಮನೆಯ ಹೊರಗಿನ ಕಟ್ಟೆಯಂತೆ ಕಾಣತೊಡಗಿತು. ಕೂರಬಹುದು, ಒಳಗೆ ಬಂದಂತಾಗುವುದಿಲ್ಲ. ನಮ್ಮಲ್ಲಿ ಬೈಯುತ್ತಲೇ ಒಳಗೆ ಎಳೆದುಕೊಳ್ಳುತ್ತಾರಲ್ಲ, ಅದು ಬೇಕೆನಿಸುತ್ತಿತ್ತು. ಭಾನುವಾರಗಳಂದು ಸುಮ್ಮನೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ.

ಮೊದಲ ತಪಾಸಣೆಯ ದಿನಕ್ಕೆ ಹೂಂ ಎಂದದ್ದು ನಾನೇ. "ಯಾವಾಗರ ಬರ್ರಿ," ಎಂದಿದ್ದರು ಸಾವಕಾರ್ರು ಫೋನಿನಲ್ಲಿ. "ಅಮಾಸಿ ದಿನಾ ಬರ್ತೀರೇನು? ಮಾತಾಡಾಕ ಪುರುಸೊತ್ತ ಇರತೈತಿ." ಅಮಾವಾಸ್ಯೆಯ ದಿನ ಹೊಸ ಕೆಲಸಕ್ಕೆ ಕೈ ಹಾಕಬೇಡ ಎನ್ನುವ ಅವ್ವನ ಮಾತು ಕಿವಿಯಲ್ಲಿ ಕೇಳಿಸಿತು. ಕೇಳಿಸಿದ್ದಕ್ಕೇ ಕೂಡಲೇ ಒಪ್ಪಿಕೊಂಡೆ. ಓದುವ ದಿನಗಳಿಂದ ನನ್ನದೊಂದು ಹಟ ಅದು. ಯಾವುದು ಕೆಟ್ಟ ದಿನ ಎನ್ನುತ್ತಾರೋ ಅವತ್ತೇ ಹೊರಡುತ್ತೇನೆ.

ಅವತ್ತು ಕಂಡದ್ದನ್ನು ಕಂಡಂತೆಯೇ ಬರೆದೆ. ನೆಲ ತೊಳೆದಿತ್ತು. ಹೆಂಗಸರು ಒಳ್ಳೆಯ ಸೀರೆ ಉಟ್ಟಿದ್ದರು, ಯಾರ ಮುಖದಲ್ಲೂ ದೂಳಿರಲಿಲ್ಲ. ಪೂಜೆಯ ನಂತರ ಎರಡು ಯಂತ್ರ ಓಡಿಸಿ ತೋರಿಸಿದರು. ಹಿಂಭಾಗದ ದೊಡ್ಡ ಬಾಗಿಲು ಮಾವಿನೆಲೆಯ ತೋರಣ ಕಟ್ಟಿಸಿಕೊಂಡು ತೆರೆದಿತ್ತು. ಆಚೆ ಬೇವಿನ ಮರ, ಬಿಸಿಲು. ನಮ್ಮ ಪ್ರಶ್ನಾವಳಿಯಲ್ಲಿ ಆ ಬಾಗಿಲಿನದು ದೊಡ್ಡ ಪ್ರಶ್ನೆ. ಹತ್ತಿ ತುಂಬಿದ ಜಾಗಕ್ಕೆ ಒಂದು ಕಿಡಿ ಸಾಕು. ಬೆಂಕಿ ಬಿದ್ದರೆ ಹೊರಗೋಡಲು ಎರಡನೆಯ ದಾರಿ ಇದೆಯೇ? ಕೆಲಸದ ಹೊತ್ತಿನಲ್ಲಿ ಅದು ತೆರೆದಿರುತ್ತದೆಯೇ? ಎರಡಕ್ಕೂ ಹೌದು ಎಂದು ಗುರುತು ಹಾಕಿದೆ. ಆ ಗುರುತುಗಳ ಮೇಲೆ ಕಾರ್ಖಾನೆಗೆ ಈ ಹಂಗಾಮಿನ ದೊಡ್ಡ ಆರ್ಡರು ಬಂತು.

ನಾಲ್ಕೈದು ದಿನ ಕಳೆದಿರಬೇಕು. ನೀಲಕ್ಕ ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತಾ, ನನ್ನ ಕೆಲಸ ಹೇಗೆ ನಡೆದಿದೆ ಎಂದು ವಿಚಾರಿಸಿದರು. ಕಾಯಿ ಒಡೆದ ಕಥೆ ಹೇಳಿದೆ. ಅವರ ಕೈ ಮೊರದಲ್ಲೇ ನಿಂತಿತು.

"ಅಮಾಸಿ ದಿನಾ ಹೋಗಿದ್ರಿ? ಕಾರ್ಖಾನಿ ನೋಡಾಕ?"

"ಹೌದು. ಯಾಕೆ?"

"ಅಮಾಸಿ ದಿನಾ ಹಮಾಲರ ಬರಂಗಿಲ್ಲ, ಪ್ಯಾಟಿ ತಗಿಯಂಗಿಲ್ಲ, ಮಷಿನ್ ಚಾಲೂ ಇರಂಗಿಲ್ಲ. ನಮ್ಮನಿಯವರೂ ಕಾಳಿನ ಅಂಗಡಿಗೆ ಹೋಗಿ ಬರೇ ಪೂಜಿ ಮಾಡಿ ಬರ್ತಾರ. ಹತ್ತಿಯವರೂ ಹಂಗ. ಕಸಾ ಹೊಡದು, ತೊಳದು, ಬಾಗಲಾ ಎಲ್ಲಾ ತಗದು ದೇವರಿಗೆ ಬೆಳಕ ತೋರಸ್ತಾರ." ಅವರು ಬಾಯಿಗೆ ಸೆರಗು ಹಿಡಿದುಕೊಂಡರು, ಆದರೂ ನಗು ಹೊರಗೆ ಬಂತು. "ಏ ತಮ್ಮಾ! ಮದವಿ ದಿನಾ ಹೋಗಿ ಹೆಣ್ಣ ಮಗಳು ದಿನಾ ಹಿಂಗ ಇರ್ತಾಳಂತ ಬರಕೊಂಡ ಬಂದಂಗ ಆತಲ್ಲೋ!"

ಅವರು ನನ್ನನ್ನು 'ರೀ' ಇಲ್ಲದೆ ಕರೆದದ್ದು ಅದೇ ಮೊದಲು. ಅದರ ಸಂತೋಷ ಪಡಲು ಆಗಲಿಲ್ಲ.

ಕೋಣೆಗೆ ಓಡಿ, ಅವತ್ತು ಕಾರ್ಖಾನೆಯಲ್ಲಿ ತೆಗೆದಿದ್ದ ಫೋಟೋ ಹುಡುಕಿ ನೋಡಿದೆ. ತೋರಣ ಕಟ್ಟಿದ ಬಾಗಿಲು ತೆರೆದಿದೆ. ಪಕ್ಕದಲ್ಲಿ ಕಸ್ತೂರೆವ್ವ ಏನೋ ಹೇಳುತ್ತಿದ್ದಾರೆ, ಬಾಯಿ ಅರ್ಧ ತೆರೆದಿದೆ. ಏನು ಹೇಳುತ್ತಿದ್ದರು? ಇವತ್ತಷ್ಟೇ ಬಾಗಿಲು ತೆಗೆದಿದ್ದಾರೆ ಎಂದು ಹೇಳಿದ್ದರೇ? ಹಾಗೆ ಹೇಳಿದಂತೆಯೇ ನೆನಪಾಗುತ್ತಿದೆ. ಆದರೆ ಆ ನೆನಪು ನೀಲಕ್ಕನ ಮಾತು ಕೇಳಿದ ಮೇಲೆ ಹುಟ್ಟಿತೇ, ಅದಕ್ಕೆ ಮೊದಲೂ ಇತ್ತೇ? ನೋಟುಬುಕ್ಕು ತಿರುವಿದೆ. ಬಾಗಿಲು ತೆರೆದಿದೆ, ಗಾಳಿ ಚೆನ್ನಾಗಿದೆ. ನನ್ನದೇ ಅಕ್ಷರ. ಕಸ್ತೂರೆವ್ವ ಎಚ್ಚರಿಸಿದ್ದನ್ನು ನಾನು ಬೇಕೆಂದೇ ಬಿಟ್ಟೆನೇ ಎಂಬ ಪ್ರಶ್ನೆಗೆ ನನ್ನ ತಲೆಯೊಳಗೆ ಎರಡೂ ಉತ್ತರ ಒಂದೇ ಸಮನಾಗಿ ನಿಜವೆನಿಸುತ್ತಿದ್ದವು.

ಆ ಸಂಜೆ ಅವ್ವನಿಗೆ ಫೋನು ಮಾಡಿದೆ. ಅವ್ವ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ಹೋಗುತ್ತಾಳೆ, ಈಗಲೂ. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವ ಕೆಲಸ ನಮ್ಮ ಊರಿನವರಿಗೆ ನಾನು ವಿವರಿಸಬೇಕಿಲ್ಲ. ಈ ಉದ್ಯೋಗದ ಸಂದರ್ಶನದಲ್ಲಿ ಆ ಶೆಡ್ಡಿನ ಬಗ್ಗೆಯೇ ಮಾತಾಡಿದ್ದೆ. ಸಾಲು ಕಿಟಕಿಗಳು, ಒಳಗೆ ಬೀಳುವ ಬಿಸಿಲು, ನಗುತ್ತಾ ಕೆಲಸ ಮಾಡುವ ಹೆಂಗಸರು, ನನ್ನ ಬಾಯಿಗೆ ಕಡಲೆಪುರಿ ತುರುಕುವ ಅವ್ವ. ಒಳ್ಳೆಯ ಕೆಲಸದ ಜಾಗ ಹೇಗಿರಬೇಕು ಎಂದು ಯಾರು ಕೇಳಿದರೂ ನನ್ನ ಕಣ್ಣಿಗೆ ಅದೇ ಬರುತ್ತಿತ್ತು.

"ಅವ್ವ, ನಿಮ್ಮ ಶೆಡ್ಡಲ್ಲಿ ಕಿಟಕಿ ತೆಗೆದಿರ್ತಾರಲ್ವಾ?"

"ಯಾವ ಕಿಟಕಿ ಮಗ? ಗಾಳಿ ಬಂದ್ರೆ ಎಳೆ ಹಾರೋಯ್ತದೆ ಅಂತ ಅವ್ಕೆಲ್ಲ ತಗಡು ಹೊಡ್ದವ್ರೆ."

"ನಾನು ಚಿಕ್ಕೋನಿದ್ದಾಗ ತೆಗೆದಿತ್ತಲ್ಲವ್ವ. ನಾನೇ ನೋಡಿದ್ದೀನಿ. ಪುರಿ ಕೊಡ್ತಿದ್ದೆ ನೀನು."

"ಅದಾ? ಆಯುಧಪೂಜೆ ದಿನ ಕಣಪ್ಪ ಅದು. ಬ್ಯಾರೆ ದಿನ ಮಕ್ಕಳ್ನ ಒಳೀಕ್ ಬುಡ್ತಿರ್ಲಿಲ್ಲ."

ಆಮೇಲೆ ಅವ್ವನೇ, ನನ್ನ ಸಮಾಧಾನಕ್ಕೋ ಏನೋ, "ಮೊದ್ಲು ಒಂದ್ ಕಿಟಕಿ ತಗುದಿತ್ತೇನೋ ಕಣಪ್ಪ, ನಂಗೂ ಮರ್ತೋಗದೆ" ಎಂದಳು. ಅಷ್ಟಕ್ಕೆ ಆ ಕಿಟಕಿ ನನಗೆ ಮತ್ತೆ ಕಾಣತೊಡಗಿತು. ನನ್ನ ಮೇಲೆ ನನಗೇ ಭಯವಾಯಿತು.

ಮಾರನೆಯ ದಿನ ಯಾರಿಗೂ ಹೇಳದೆ ಕಾರ್ಖಾನೆಗೆ ಹೋದೆ. ಗೇಟಿನ ತನಕ ಟಂಟಂ, ಅಂದರೆ ಹಳ್ಳಿಯವರನ್ನು ಒತ್ತೊತ್ತಿ ತುಂಬಿಕೊಂಡು ಬರುವ ಮೂರು ಗಾಲಿಯ ದೊಡ್ಡ ಆಟೋ. ಒಳಗೆ ಕಾಲಿಟ್ಟರೆ ನಾನು ನೋಡಿದ್ದ ಜಾಗವೇ ಅಲ್ಲ. ಎಲ್ಲ ಯಂತ್ರಗಳೂ ಓಡುತ್ತಿದ್ದವು. ಗಾಳಿಯಲ್ಲಿ ಅರಳೆಯ ಹುಡಿ ಮಂಜಿನಂತೆ ತೂಗುತ್ತಿತ್ತು. ಹೆಂಗಸರು ಮೂಗು ಬಾಯಿ ಮುಚ್ಚಿ ಸೆರಗು ಬಿಗಿದಿದ್ದರು, ಕಣ್ಣಷ್ಟೇ ಕಾಣುತ್ತಿದ್ದವು. ರೆಪ್ಪೆ, ಹುಬ್ಬು, ಕೂದಲು ಬೆಳ್ಳಗೆ. ಅವರಲ್ಲೊಬ್ಬರು ಸೆರಗು ಸರಿಸಿ ನನ್ನತ್ತ ನಡೆದು ಬಂದರು.

"ನೋಡ್ರಿ ಸರ, ನೀವು ಬಂದು ಹೋಗೂದ್ರಾಗ ಎಲ್ಲಾರೂ ಮುದುಕೇರಾಗೇವಿ." ಕಸ್ತೂರೆವ್ವ. ನಗಲು ಹೋಗಿ ಕೆಮ್ಮಿದರು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಹಿಂದಿನ ಬಾಗಿಲು ಎಲ್ಲಿದೆ ಎಂದು ನೋಡಿದೆ. ಬೇಲುಗಳು ಚಾವಣಿಯ ತನಕ ಒಟ್ಟಿದ್ದವು. ಅವುಗಳ ಹಿಂದೆಲ್ಲೋ ಬಾಗಿಲು. ಒಣಗಿದ ತೋರಣದ ಒಂದು ತುದಿ ಮಾತ್ರ ಮೇಲೆ ಇಣುಕುತ್ತಿತ್ತು.

"ಕಸ್ತೂರೆವ್ವಾರೆ, ಅವತ್ತು ನೀವು ನನಗೆ ಹೇಳಿದ್ರಾ? ಈ ಬಾಗಿಲು ಪೂಜೆಗೆ ಮಾತ್ರ ತೆಗೀತಾರೆ ಅಂತ?"

ಅವರು ನನ್ನ ಮುಖ ನೋಡಿದರು. "ಹೇಳಿದ್ನೇನ್ರಿ? ಹೇಳಿರಬೇಕು. ಹೇಳೂಣಂತ ಮಾಡಿ ಸುಮ್ನಾಗಿರಬೇಕು. ಸಾವಕಾರ್ರು ಅಲ್ಲೇ ನಿಂತಿದ್ರಲ್ರಿ." ಆಮೇಲೆ ದನಿ ತಗ್ಗಿಸಿದರು. "ಹೋದ ವರ್ಷ ಅಲ್ಲೆ ಮಷಿನ್ ಬೆಲ್ಟಿನ ಬಾಜೂಕ ಕಿಡಿ ಹಾರಿತ್ರಿ. ಸಣ್ಣದು. ನೀರ ಗೊಜ್ಜಿ ಆರಿಸಿದ್ವಿ. ಎಲ್ಲಾರೂ ಒಂದ ಬಾಗಲಕ್ಕ ಓಡೇವಿ, ಒಬ್ಬರ ಮ್ಯಾಲ ಒಬ್ಬರು ಬಿದ್ದೇವಿ. ನನಗ ಅದ ಕಣ್ಣಾಗ ಬರತೈತಿ."

"ಇದನ್ನು ಬರೀಬೇಕಾಗ್ತದೆ."

"ಬರೀರಿ. ಆ ಬಾಗಲಾ ತಗಸ್ರಿ. ಆದ್ರ ಕಾರ್ಖಾನಿ ಬಂದ್ ಮಾಡಸಬ್ಯಾಡ್ರಿ. ಹಂಗ ಬರಿಯಾಕ ನಿಮಗ ಬರತೈತೇನು?"

ಬರುತ್ತದೆಯೇ? ಪ್ರಶ್ನಾವಳಿಯಲ್ಲಿ ಹೌದು ಮತ್ತು ಇಲ್ಲ ಎಂಬ ಎರಡೇ ಚೌಕಗಳಿವೆ.

ಸಾವಕಾರ್ರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಚಹಾ ತರಿಸಿದರು. "ನಾ ಏನ ಸುಳ್ಳ ತೋರಿಸೀನೇನ್ರಿ? ಅಮಾಸಿ ಅಂತ ನಾ ಹೇಳೇ ಕರದೇನಿ. ನೀವ ಹೂಂ ಅಂದ್ರಿ. ನನಗ ಅನಸ್ತು, ಇವರಿಗೆ ಯಂತ್ರದಕ್ಕಿಂತ ಮಾತ ಬೇಕಾಗೇತಿ ಅಂತ." ಅದು ನಿಜವಾಗಿತ್ತು. "ಬಾಗಲಾ ತಗದ್ರ ಹತ್ತಿ ಹಾರತೈತಿ. ಬೇಲ್ ಇಡಾಕ ಬ್ಯಾರೆ ಜಾಗಾ ಇಲ್ಲ. ಮಳಿಯಾಗ ತೋಯ್ದ್ರ ನಿಮ್ಮ ಖರೀದಿ ಮಂದಿನ ಒಲ್ಲೆ ಅಂತಾರ. ನೀವ ಹೇಳ್ರಿ, ಎಲ್ಲೆ ಇಡ್ಲಿ?" ನಮ್ಮೂರಿನ ಶೆಡ್ಡಿನ ಯಜಮಾನನೂ ಎಳೆಯ ಬಗ್ಗೆ ಇದನ್ನೇ ಹೇಳುತ್ತಿದ್ದನೇನೋ. ಅವನನ್ನು ನಾನು ಎಂದೂ ಕೇಳಿರಲಿಲ್ಲ.

ಎರಡು ದಿನ ಹೊಸ ವರದಿ ಬರೆದು ಬರೆದು ಹರಿದೆ. ನನ್ನ ಮೊದಲ ವರದಿ ತಪ್ಪು ಎಂದು ಬರೆದರೆ ಆರ್ಡರು ನಿಲ್ಲಬಹುದು. ಬರೆಯದಿದ್ದರೆ ಆ ಬೇಲುಗಳು ಅಲ್ಲೇ ಇರುತ್ತವೆ, ಇನ್ನೊಂದು ಕಿಡಿಯ ತನಕ. ಕೊನೆಗೆ ಚೌಕಗಳನ್ನು ಬಿಟ್ಟು, ಕೆಳಗಿನ ಖಾಲಿ ಜಾಗದಲ್ಲಿ ಬರೆದೆ: ನಾನು ಹೋದದ್ದು ಅಮಾವಾಸ್ಯೆಯಂದು, ಅವತ್ತು ಇಲ್ಲಿ ಕೆಲಸ ನಡೆಯುವುದಿಲ್ಲ. ಆ ದಿನಕ್ಕೆ ಒಪ್ಪಿದ ತಪ್ಪು ನನ್ನದು. ಹಿಂದಿನ ಬಾಗಿಲು ಮುಚ್ಚಿದೆ. ಬೇಲು ಇಡಲು ಜಾಗ ಸಿಕ್ಕರೆ ಅದು ತೆರೆಯುತ್ತದೆ, ಸಮಯ ಕೊಡಿ, ಆರ್ಡರು ರದ್ದು ಮಾಡಬೇಡಿ.

ದೂರದೇಶದ ಖರೀದಿದಾರರು ಆರ್ಡರು ರದ್ದು ಮಾಡಲಿಲ್ಲ, ತಡೆಹಿಡಿದರು. ಬಾಗಿಲು ತೆರೆದ ಪುರಾವೆ ಬರುವ ತನಕ ಎಂದರು. ಅಲ್ಲಿ ಕೂತವರಿಗೆ ಅದು ಬಹಳ ನ್ಯಾಯವಾಗಿ ಕಂಡಿರಬೇಕು. ಇಲ್ಲಿ ಎರಡು ವಾರ ಅರ್ಧ ಯಂತ್ರಗಳು ನಿಂತವು. ದಿನಗೂಲಿಯ ಹೆಂಗಸರಲ್ಲಿ ಅರ್ಧ ಜನ ಮೆಣಸಿನಕಾಯಿ ಬಿಡಿಸಲು ಹೊಲಗಳಿಗೆ ಹೋದರು. ಕಸ್ತೂರೆವ್ವನೂ ಹೋದರು ಎಂದು ತಿಳಿಯಿತು. ಮೆಣಸಿನಕಾಯಿಯ ಘಾಟು, ಆ ಕೆಮ್ಮು. ಆ ಎರಡು ವಾರ ರೊಟ್ಟಿ ಗಂಟಲಲ್ಲಿ ಇಳಿಯದಿದ್ದುದಕ್ಕೆ ದವಡೆ ಕಾರಣವಲ್ಲ. ಸರಿ ಮಾಡಿದೆನೋ ಇಲ್ಲವೋ ಎಂದು ಈಗ ಕೇಳಿದರೂ ನಾನು ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುತ್ತೇನೆ.

ಸಾವಕಾರ್ರು ಪಕ್ಕದ ಒಬ್ಬರ ಖಾಲಿ ಗೋದಾಮು ಬಾಡಿಗೆಗೆ ಹಿಡಿದರು. ಕೆಲಸ ಮತ್ತೆ ಶುರುವಾಯಿತು. ಕಳೆದ ವಾರ, ಮತ್ತೆ ಹೇಳದೆ ಕೇಳದೆ, ಹೋದೆ. ಬಾಗಿಲು ತೆರೆದಿತ್ತು. ಹತ್ತಿ ಹಾರದಂತೆ ಅಡ್ಡಕ್ಕೆ ಒಂದು ಬಲೆ ಇಳಿಬಿಟ್ಟಿದ್ದರು, ನೂಕಿದರೆ ಸರಿಯುವಂಥದ್ದು. ನಾನೇ ನೂಕಿ ನೋಡಿದೆ. ಬೇವಿನ ಮರದ ಕೆಳಗೆ ಹೋಗಿ ನಿಂತು ಮತ್ತೆ ಒಳಗೆ ಬಂದೆ. ಕಸ್ತೂರೆವ್ವ ತಮ್ಮ ಯಂತ್ರದ ಮುಂದಿದ್ದರು.

"ಮೆಣಸಿನಕಾಯಿ ಹೊಲದಾಗ ನಿಮ್ಮನ್ನ ದಿನಾ ಬೈದೇನ್ರಿ," ಎಂದರು.

"ಬೈಯ್ಬೇಕಾದ್ದೇ."

"ಈಗ ಬಾಗಲಾ ತಗದಾರ, ಥಂಡಿ ಗಾಳಿ ಬೆನ್ನಿಗೆ ಹೊಡಿಯಾಕತ್ತೈತಿ. ಅದಕ್ಕೂ ಬೈತೇನಿ." ಕಣ್ಣು ನಗುತ್ತಿದ್ದವು. "ಆದ್ರ ಈಗ ಬಾಗಲಕ್ಕ ಬೆನ್ನ ಹಾಕಿ ನಿಂದರ್ತೇನಿ ನೋಡ್ರಿ. ಮೊದಲ ತಿರಿಗಿ ತಿರಿಗಿ ನೋಡಾಕಿ."

ಕೇಳಬಾರದಿತ್ತು, ಕೇಳಿದೆ. "ನಾನು ಬಂದೆ ಅಂತ ತೆಗೆದಿಲ್ಲ ತಾನೇ? ಗೇಟಿನವರು ಸುದ್ದಿ ಕೊಟ್ಟು?"

ಅವರು ಕೈಯಲ್ಲಿದ್ದ ಹತ್ತಿಯನ್ನು ಯಂತ್ರಕ್ಕೆ ಉಣಿಸಿದರು. "ನೀವು ಇಲ್ದಾಗ ಹ್ಯಾಂಗ ಇರತೈತಂತ ನೋಡಾಕ ನಿಮಗ ಆಗೂದಿಲ್ಲ ಬಿಡ್ರಿ ಸರ. ನಾ ನೋಡ್ತಿರ್ತೇನಿ. ಇಲ್ಲೇ ಇರ್ತೇನಲ್ಲ."

ಆ ಮಾತನ್ನು ಅಲ್ಲೇ ನಿಂತು ಬರೆದುಕೊಂಡೆ, ಆಮೇಲೆ ನನ್ನ ನೆನಪನ್ನು ನಂಬಬೇಕಾಗದಿರಲಿ ಎಂದು. ನಮ್ಮ ಕಚೇರಿಗೂ ಒಂದು ಕಾಗದ ಹಾಕಿದ್ದೇನೆ: ಪ್ರಶ್ನಾವಳಿಯ ಮೊದಲಿಗೆ, ಇವತ್ತು ಇಲ್ಲಿ ಯಾವ ದಿನ ಎಂದು ಕೇಳುವ ಒಂದು ಸಾಲು ಇರಲಿ. ಉತ್ತರ ಬಂದಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಓದಲು ಮೈಸೂರಿಗೆ ಹೋದಾಗಿನಿಂದ ನಾನು ಕೊಳ್ಳೇಗಾಲಕ್ಕೆ ಬಂದದ್ದೆಲ್ಲ ಹಬ್ಬಕ್ಕೆ. ಯುಗಾದಿ, ಗೌರಿ, ದಸರಾ. ಸಾರಿಸಿದ ಅಂಗಳ, ಒಳ್ಳೆಯ ಸೀರೆ ಉಟ್ಟ ಅವ್ವ, ತೋರಣ. ಊರು ಎಂದರೆ ಅದು ಎಂದು ಇಲ್ಲಿಯವರಿಗೆಲ್ಲ ಹೇಳುತ್ತಾ ಬಂದೆ. ನಿಮಗೂ ಅದನ್ನೇ ನೆನಪಿಸಿ ಬರೆಯುವುದೆಂದು ಈ ಲೇಖನಕ್ಕೆ ಕೂತಿದ್ದೆ. ಊರಿನ ಬರಿಯ ಮಂಗಳವಾರ ಈಗ ಹೇಗಿರುತ್ತದೆ ಎಂದು ಕೇಳಿದರೆ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವ ಮಂಗಳವಾರಗಳೆಲ್ಲ ಕೆಲಗೇರಿಯವು.

ಅವ್ವನಿಗೆ ಫೋನು ಮಾಡಿ ಸಂಕ್ರಾಂತಿಗೆ ಬರುತ್ತೇನೆ ಎಂದೆ.

"ಹಬ್ಬಕ್ಕೆ ಬ್ಯಾಡ ಮಗ. ಹಬ್ಬದಲ್ಲಿ ಶೆಡ್ಡು ಬಂದಾಗಿರ್ತದೆ. ಸುಮ್ನೆ ಒಂದ್ ದಿನ ಬಾ. ಮಧ್ಯಾನ್ನ ಬುತ್ತಿ ತಕಂಡು ಅಲ್ಲಿಗೇ ಬಾ. ನೋಡೀವಂತೆ, ಕಿಟಕಿ ಅದೋ ಇಲ್ವೋ ಅಂತ."

ರಜೆ ಹಾಕಿದೆ, ಬರುವ ಮಂಗಳವಾರಕ್ಕೆ. ನೀಲಕ್ಕನಿಗೆ ಹೇಳಲು ಕೆಳಗಿಳಿದೆ. ಅವರು ಎಳ್ಳಮಾವಾಸ್ಯೆಗೆ ಸಜ್ಜೆರೊಟ್ಟಿ ತಟ್ಟಿ ಒಣಗಿಸುತ್ತಿದ್ದರು. ಆ ದಿನ ಇಲ್ಲಿಯವರು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಬೆಳೆಯ ನಡುವೆ ಕೂತು ಉಣ್ಣುತ್ತಾರೆ.

"ಮಂಗಳಾರ ಏನ ಹಬ್ಬ ಐತೋ ತಮ್ಮಾ ನಿಮ್ಮ ಊರಾಗ?"

"ಏನೂ ಇಲ್ರಿ."

"ಏನೂ ಇಲ್ದ ಅಷ್ಟ ದೂರ ಹೊಂಟಿ?" ರೊಟ್ಟಿ ತಟ್ಟುವ ಕೈ ನಿಂತಿತು. "ಎಳ್ಳಮಾಸಿಗೆ ಇರ್ತಿ ಇಲ್ಲ? ಹೊಲಕ್ಕ ಹೋಗಬೇಕು. ನಿನ್ನ ರೊಟ್ಟಿನೂ ಹಿಡದ ಮಾಡಾಕತ್ತೇನಿ."

"ಅಷ್ಟರಾಗ ಬರ್ತೇನ್ರಿ. ಹಬ್ಬಕ್ಕ ಇಲ್ಲೇ ಇರ್ತೇನಿ," ಎಂದೆ. ನಾಲಿಗೆ ಅದಾಗಿಯೇ ಹಾಗೆ ತಿರುಗಿತು.

ನೀಲಕ್ಕ ಕೈಗೆ ಹಿಟ್ಟು ಹಚ್ಚಿಕೊಳ್ಳುತ್ತಾ ತಲೆ ಅಲ್ಲಾಡಿಸಿದರು. "ಹಬ್ಬಕ್ಕ ಇಲ್ಲೆ, ಬರೇ ದಿನಕ್ಕ ಅಲ್ಲೆ. ಉಲ್ಟಾ ಮನಷ್ಯಾ ಅದಿ ನೀ."